‘ಎಲ್ಡರ್ಲಿ ಮೋಡ್’ ಅನ್ನುವ ಬಟನ್‌ಗೆ ಕನ್ನಡದಲ್ಲಿ ಏನು ಹೆಸರಿಡೋಣ?

ಕರಡುತಿದ್ದುವವಳು:

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದದ ಮುಂದೆ ನಾಲ್ಕು ದಿನದಿಂದ ಕೂತಿದ್ದೇನೆ. ನಿಮ್ಮ ಸಹಾಯ ಬೇಕು.

ನಾನು 34 ವರ್ಷ ಕರಡು ತಿದ್ದುವ ಕೆಲಸ ಮಾಡಿದವಳು. ಈಗ ನಿವೃತ್ತಿಯಾಗಿದೆ. ಬಿಡುವಿನಲ್ಲಿ ಒಂದು ಫೋನ್ ಆ್ಯಪ್‌ನ ಮಾತುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಬಳಕ್ಕಲ್ಲ, ಖುಷಿಗೆ. ಎಡಗಡೆ ಇಂಗ್ಲಿಷ್ ಸಾಲು ಇರುತ್ತದೆ, ಬಲಗಡೆ ಖಾಲಿ ಜಾಗ. ‘ಸೇವ್’ಗೆ ‘ಉಳಿಸಿ’, ‘ಕ್ಯಾನ್ಸಲ್’ಗೆ ‘ಬೇಡ’ ಅಂತ ಸಲೀಸಾಗಿ 211 ಸಾಲು ಮುಗಿದವು. 212ನೇ ಸಾಲು ‘ಎಲ್ಡರ್ಲಿ ಮೋಡ್’. ಅಲ್ಲಿ ಕೈ ನಿಂತಿತು.

ಈ ಮೋಡ್ ಆನ್ ಮಾಡಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಗಾಢವಾಗುತ್ತದೆ. ಮೊದಲ ಪರದೆಯಲ್ಲಿ ಆರೇ ಬಟನ್ ಉಳಿಯುತ್ತವೆ. ಸೆಟ್ಟಿಂಗ್ಸ್ ಮಾಯ. ಏನು ಒತ್ತಿದರೂ ‘ಖಂಡಿತಾನಾ?’ ಅಂತ ಎರಡು ಸಲ ಕೇಳುತ್ತದೆ. ಕೆಲಸ ಮುಗಿದರೆ ಒಂದು ನಕ್ಷತ್ರ ಹಾರಿ ಬಂದು ‘ಶಭಾಷ್, ನೀವೇ ಮಾಡಿಬಿಟ್ಟಿರಿ!’ ಅನ್ನುತ್ತದೆ. ಈ ಶಭಾಷ್ ಮಾಮೂಲಿ ಮೋಡ್‌ನಲ್ಲಿ ಇಲ್ಲ.

ಮೊದಲು ‘ವೃದ್ಧರ ಮೋಡ್’ ಅಂತ ಬರೆದೆ. ಆಸ್ಪತ್ರೆಯ ವಾರ್ಡಿನ ಬೋರ್ಡ್ ಓದಿದ ಹಾಗಾಯಿತು. ಅಳಿಸಿದೆ. ‘ವಯಸ್ಸಾದವರಿಗೆ’ ಅಂತ ಬರೆದೆ. ಎಷ್ಟಕ್ಕೆ ವಯಸ್ಸಾಯಿತು, ಯಾರ ಲೆಕ್ಕದಲ್ಲಿ? ಅದನ್ನೂ ಅಳಿಸಿದೆ. ‘ಹಿರಿಯರ ಮೋಡ್’ ಮರ್ಯಾದೆಯಾಗಿ ಕಂಡಿತು. ಆದರೆ ಹಿರಿಯರೇ ಅಂತ ಕೈ ಮುಗಿದು ಅವರ ಕೈಯಿಂದ ಸೆಟ್ಟಿಂಗ್ಸ್ ಕಿತ್ತುಕೊಂಡರೆ ಅದು ಮರ್ಯಾದೆ ಹೇಗಾಗುತ್ತದೆ?

ನನಗೆ ಈಗ 62. ಅನುವಾದ ಪರೀಕ್ಷಿಸಲು ಆ್ಯಪ್ ಹಾಕಿಕೊಂಡೆ. ಹುಟ್ಟಿದ ವರ್ಷ ಆರಿಸಲು ಒಂದು ಚಕ್ರ ಇದೆ. ಅದು ಈ ವರ್ಷದಿಂದ ಶುರುವಾಗಿ ಹಿಂದಕ್ಕೆ ಹೋಗುತ್ತದೆ. ಬೆರಳಲ್ಲಿ ತಳ್ಳಿದೆ, ತಳ್ಳಿದೆ. ನಿವೃತ್ತಿಯಾದ ವರ್ಷ ದಾಟಿತು, ಮಗ ಹುಟ್ಟಿದ ವರ್ಷ ದಾಟಿತು, ಮೊದಲ ಸಂಬಳ ತಂದ ವರ್ಷವೂ ದಾಟಿತು. ಕೊನೆಗೂ ನನ್ನ ವರ್ಷ ಸಿಕ್ಕಿತು. ಒತ್ತಿದ ಕೂಡಲೇ ಪರದೆ ಕೇಳಿತು: ‘ಎಲ್ಡರ್ಲಿ ಮೋಡ್ ಆನ್ ಮಾಡಲೇ?’ ಕಣ್ಣು ಹೇಗಿದೆ ಅಂತ ಕೇಳಲಿಲ್ಲ. ಕಿವಿ, ಬೆರಳು ಹೇಗಿವೆ ಅಂತ ಕೇಳಲಿಲ್ಲ. ಹುಟ್ಟಿದ ವರ್ಷ ಒಂದೇ ಅದಕ್ಕೆ ಸಾಕಾಯಿತು.

ಈ ಬಟನ್‌ಗೆ ಒಳ್ಳೆಯ ಕನ್ನಡ ಹೆಸರು ಯಾವುದು ಹೇಳಿ. ಜೊತೆಗೆ, ಮೂಲವೇ ಸರಿಯಿಲ್ಲ ಅನ್ನಿಸಿದರೆ ಅನುವಾದ ಮಾಡುವವರು ಅದನ್ನು ಹೇಳಬಹುದಾ? ಹೇಳಬೇಕು ಅಂತ ನನ್ನ ಮನಸ್ಸು ಹೇಳುತ್ತಿದೆ.

ಬೇರುಪದ:

ಮೇಡಂ, ನಾನು ಪದಗಳ ಕಡೆಯಿಂದ ಬರುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವುದು ಅದೇ.

‘ವೃದ್ಧ’ ಪದದ ಧಾತು ಸಂಸ್ಕೃತದ ‘ವೃಧ್’. ಅರ್ಥ, ಬೆಳೆಯುವುದು. ‘ವೃದ್ಧಿ’, ‘ಅಭಿವೃದ್ಧಿ’ ಅದೇ ಬಳ್ಳಿಯವು. ‘ಹಿರಿಯ’ದಲ್ಲಿರುವ ‘ಹಿರಿ’ ಅಂದರೆ ದೊಡ್ಡದು. ಹೆಬ್ಬಾಗಿಲಲ್ಲೂ ಹೆಬ್ಬೆರಳಲ್ಲೂ ಇರುವುದು ಅದೇ. ಎರಡು ಪದಗಳಲ್ಲೂ ಕುಗ್ಗುವ ಮಾತೇ ಇಲ್ಲ. ಕುಗ್ಗುವ ಮಾತು ಬರುವುದು ‘ಇಳಿವಯಸ್ಸು’ ಅಂದಾಗ.

ಇನ್ನು ‘ವಯಸ್ಸು’ ನೋಡಿ. ‘ವಯಸ್ಸಿಗೆ ಬಂದವಳು’ ಅಂದರೆ ಹುಡುಗಿ. ‘ವಯಸ್ಸಾದವಳು’ ಅಂದರೆ ಅಜ್ಜಿ. ‘ಪ್ರಾಯದ ಹುಡುಗ’, ‘ಪ್ರಾಯವಾದ ಮುದುಕ’ ಕೂಡ ಹಾಗೇ. ವಯಸ್ಸು ಒಂದು ಊರು ಅಂದುಕೊಂಡರೆ, ಒಬ್ಬರು ಈಗಷ್ಟೇ ಅಲ್ಲಿಗೆ ಬಂದಿದ್ದಾರೆ, ಇನ್ನೊಬ್ಬರಿಗೆ ಅದು ಮುಗಿದೇ ಹೋಗಿದೆ. ನಡುವಿನ 30, 40 ವರ್ಷಕ್ಕೆ ಈ ಮಾತಿನಲ್ಲಿ ಜಾಗವೇ ಇಲ್ಲ! ಬರೆಯುವಾಗ ನನಗೂ ಇದು ಈಗಲೇ ಹೊಳೆದದ್ದು.

ಇನ್ನೊಂದು. ಇಂಗ್ಲಿಷಿನವರು ಚಪ್ಪಲಿಗೂ ಮನುಷ್ಯನಿಗೂ ಒಂದೇ ‘ಓಲ್ಡ್’ ಅನ್ನುತ್ತಾರೆ. ನಾವು ಹಾಗೆ ಮಾಡುವುದಿಲ್ಲ. ಚಪ್ಪಲಿ ಹಳೆಯದು, ಫೋನ್ ಹಳೆಯದು. ಮನುಷ್ಯರಿಗೆ ‘ಹಳೆಯ’ ಅಂದರೆ ಬಹಳ ದಿನದ ಪರಿಚಯ ಅಂತ ಅರ್ಥ. ಹಳೆಯ ಗೆಳತಿಗೆ 22 ವರ್ಷವೂ ಇರಬಹುದು. ಈ ವ್ಯತ್ಯಾಸ ನಮ್ಮ ಭಾಷೆಯಲ್ಲಿ ಉಳಿದಿರುವುದು ನನಗೆ ಬಹಳ ಇಷ್ಟ.

ಆದರೆ ಮೇಡಂ, ಬೇರು ಚೆನ್ನಾಗಿದೆ ಅಂತ ಪದ ಬಚಾವಾಗುವುದಿಲ್ಲ. ‘ವೃದ್ಧ’ ಪದದ ಜೊತೆ ‘ಆಶ್ರಮ’ ಸೇರಿದ ಮೇಲೆ ಬೆಳೆಯುವ ಅರ್ಥ ಯಾರ ಕಿವಿಗೂ ಬೀಳುವುದಿಲ್ಲ. ಜಪಾನಿನಲ್ಲಿ 2008ರ ಏಪ್ರಿಲ್‌ನಲ್ಲಿ 75 ದಾಟಿದವರಿಗೆ ಬೇರೆಯೇ ಆರೋಗ್ಯ ವಿಮೆ ಬಂತು. ಅದರ ಹೆಸರಿನಲ್ಲಿ ಅವರನ್ನು ‘ಕೊನೆಯ ಘಟ್ಟದ ಹಿರಿಯರು’ ಅನ್ನುವ ಅರ್ಥ ಬರುವಂತೆ ಕರೆದಿದ್ದರು. ಜನ ಸಿಟ್ಟಿಗೆದ್ದರು. ಸರ್ಕಾರ ತರಾತುರಿಯಲ್ಲಿ ‘ದೀರ್ಘಾಯುಷ್ಯ ವೈದ್ಯಕೀಯ ವ್ಯವಸ್ಥೆ’ ಅನ್ನುವ ಬಳಕೆಯ ಹೆಸರು ತಂದಿತು. ಸಿಟ್ಟು ಇಳಿಯಲಿಲ್ಲ. ಯೋಜನೆ ಅದೇ ಇತ್ತಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಹೀಗೇ ಆಯಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಿ ‘ಓಲ್ಡ್ ಏಜ್’ ಅನ್ನುವ ಒಂದು ನಮೂದು ಸೇರಿಸಲು ಹೊರಟಿದ್ದರು. ಮುಪ್ಪಿಗೇ ಒಂದು ಕೋಡ್. ವೈದ್ಯರು ಇನ್ನು ರೋಗ ಹುಡುಕುವುದನ್ನು ಬಿಟ್ಟು ‘ವಯಸ್ಸು’ ಅಂತ ಬರೆದು ಸುಮ್ಮನಾಗುತ್ತಾರೆ ಅಂತ ಹಲವು ದೇಶಗಳ ತಜ್ಞರು ವಿರೋಧಿಸಿದರು. ಕೊನೆಗೆ ಅದನ್ನು ತೆಗೆದು, ವಯಸ್ಸಿನ ಜೊತೆ ಒಳಗಿನ ಶಕ್ತಿ ಇಳಿಯುವುದು ಅನ್ನುವ ಅರ್ಥದ ಮಾತು ಹಾಕಿದರು. ಈ ಬದಲಾವಣೆ ಒಳ್ಳೆಯದೇ ಅನ್ನುತ್ತೇನೆ. ಏನು ಇಳಿದಿದೆ ಅಂತ ವೈದ್ಯರು ಹುಡುಕಲೇಬೇಕಾಗುತ್ತದೆ.

ನನ್ನ ಸಲಹೆ: ಬಟನ್ ಮೇಲೆ ಮನುಷ್ಯರ ಹೆಸರೇ ಬೇಡ.

ಪರದೆಗೆಲಸ:

ನಾನು ಇಂಥ ಪರದೆಗಳನ್ನು ವಿನ್ಯಾಸ ಮಾಡುವವನು. 38 ವರ್ಷ. ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳುತ್ತೇನೆ.

ಒಮ್ಮೆ ಒಂದು ಅರ್ಜಿ ತುಂಬುವ ಪರದೆ ಮಾಡಿದ್ದೆ. ಬಿಳಿ ಹಿನ್ನೆಲೆ, ತೆಳು ಬೂದು ಅಕ್ಷರ. ನನ್ನ ಕಣ್ಣಿಗೆ ಬಹಳ ಸೊಗಸಾಗಿತ್ತು. ಪರೀಕ್ಷೆಗೆ 71 ವರ್ಷದ ಒಬ್ಬ ಹೆಂಗಸು ಬಂದಿದ್ದರು. ಫೋನನ್ನು ದೀಪದ ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಒರೆಸಿದರು. ಆಮೇಲೆ ನನ್ನ ಮುಖ ನೋಡಿ, ‘ಕ್ಷಮಿಸಪ್ಪ, ನನಗೆ ವಯಸ್ಸಾಯ್ತು’ ಅಂದರು. ಮಧ್ಯಾಹ್ನ 26ರ ಹುಡುಗನೊಬ್ಬ ಬಂದ. ಅವನನ್ನು ಬಿಸಿಲಲ್ಲಿ ನಿಲ್ಲಿಸಿ ಅದೇ ಪರದೆ ಕೊಟ್ಟೆವು. ಅವನಿಗೂ ಓದಲು ಆಗಲಿಲ್ಲ. ಅವನು ಅಂದದ್ದು, ‘ಈ ಆ್ಯಪ್ ಸರಿಯಿಲ್ಲ’.

ಪರದೆ ಒಂದೇ, ತಪ್ಪು ನನ್ನದೇ. ಆದರೆ ಆಕೆ ಅದನ್ನು ತನ್ನ ಮೇಲೆ ಹಾಕಿಕೊಂಡರು. ಆ ‘ಕ್ಷಮಿಸಪ್ಪ’ ಇನ್ನೂ ಕಿವಿಯಲ್ಲಿದೆ.

ಬೂದು ಅಕ್ಷರಕ್ಕೆ ಅಳತೆ ಇದೆ. 2008ರ ಕೊನೆಯಲ್ಲಿ ಬಂದ ವೆಬ್ ಮಾರ್ಗಸೂಚಿಯೇ ಹೇಳುತ್ತದೆ: ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು. ಅಕ್ಷರವನ್ನು 200 ಪರ್ಸೆಂಟ್‌ವರೆಗೆ ಹಿಗ್ಗಿಸಿದರೂ ಪುಟ ಕೆಡಬಾರದು. ಇದು ಯಾವ ವಯಸ್ಸಿನವರಿಗೂ ಮಾಡಿದ ವಿಶೇಷ ಉಪಕಾರ ಅಲ್ಲ. ಎಲ್ಲ ಪುಟಕ್ಕೂ ಇರಬೇಕಾದ ಗುಣ. ನಾನು ಅದನ್ನು ಓದಿಯೂ ಪಾಲಿಸಿರಲಿಲ್ಲ.

ದೇಹ ಬದಲಾಗುವುದು ನಿಜ, ಅದನ್ನು ಮುಚ್ಚಿಡುವುದೂ ಬೇಡ. ಕಣ್ಣಿನ ಮಸೂರ 40ರ ಆಸುಪಾಸಿನಲ್ಲೇ ಬಿಗಿಯಾಗಿ ಹತ್ತಿರದ್ದು ಮಂಜಾಗುತ್ತದೆ. ಆಮೇಲೆ ಅದು ಹಳದಿಗಟ್ಟುತ್ತದೆ, ಪಾಪೆಯೂ ಚಿಕ್ಕದಾಗುತ್ತದೆ. 60ರ ಕಣ್ಣೊಳಗೆ ಹೋಗುವ ಬೆಳಕು 20ರ ಕಣ್ಣಿಗಿಂತ ಬಹಳ ಕಡಿಮೆ. ಬೆರಳ ತುದಿ ಒಣಗುತ್ತದೆ. ಟಚ್ ಸ್ಕ್ರೀನ್ ಕೆಲಸ ಮಾಡುವುದು ಚರ್ಮದ ವಿದ್ಯುತ್ ಗುಣದಿಂದ, ಹಾಗಾಗಿ ಒಣ ಬೆರಳನ್ನು ಅದು ಒಮ್ಮೊಮ್ಮೆ ಗುರುತಿಸುವುದೇ ಇಲ್ಲ. ಜೊತೆಗೆ, ಬೆರಳು ಸುಮಾರು ಅರ್ಧ ಸೆಕೆಂಡ್ ನಿಂತರೆ ಫೋನ್ ಅದನ್ನು ‘ಒತ್ತಿ ಹಿಡಿದರು’ ಅಂದುಕೊಂಡು ಬೇರೆಯೇ ಮೆನು ತೆರೆಯುತ್ತದೆ. ನಿಧಾನವಾಗಿ, ಎಚ್ಚರದಿಂದ ಒತ್ತುವವರಿಗೆ ‘ನಾನು ಮುಟ್ಟಿದರೆ ಏನೇನೋ ಆಗುತ್ತದೆ’ ಅನ್ನುವ ಭಯ ಬರುವುದು ಇದರಿಂದಲೇ. ಆ ಅರ್ಧ ಸೆಕೆಂಡನ್ನು ಗೊತ್ತು ಮಾಡಿದ್ದು ಯಾರೋ ಒಬ್ಬ ಎಂಜಿನಿಯರ್. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಒಂದು ಸೆಕೆಂಡ್ ಮಾಡಿದರೆ ಅರ್ಧ ಭಯ ಹೋಗುತ್ತದೆ. ನಿಮ್ಮ ಮೋಡ್ ಮಾಯ ಮಾಡುತ್ತಿರುವುದು ಅದೇ ಸೆಟ್ಟಿಂಗ್ಸನ್ನು!

ನಿಮ್ಮ ಪ್ರಶ್ನೆಗೆ: ಆ ಮೋಡ್‌ನಲ್ಲಿ ಸಂಬಂಧವಿಲ್ಲದ ಮೂರು ನಾಲ್ಕು ಕೆಲಸಗಳನ್ನು ಕಟ್ಟಿಹಾಕಿದ್ದಾರೆ. ಗಂಟು ಬಿಚ್ಚಲು ಹೇಳಿ. ಪ್ರತಿಯೊಂದಕ್ಕೂ ಅದು ಮಾಡುವ ಕೆಲಸದ ಹೆಸರೇ ಇಡಬಹುದು. ಹೌದು, ಅನುವಾದಕರು ಖಂಡಿತ ಹೇಳಬೇಕು. ನನ್ನ ಅರ್ಧದಷ್ಟು ತಪ್ಪು ಸಿಕ್ಕಿಬಿದ್ದದ್ದು ಅನುವಾದಕರ ಕೈಯಲ್ಲೇ.

ಕರಡುತಿದ್ದುವವಳು:

ಆ ತಾಯಿಯ ಮಾತು ಓದಿ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಹೋದ ತಿಂಗಳು ನಾನೂ ಹಾಗೇ ಅಂದಿದ್ದೆ. ಒಂದು ಪಾಸ್‌ವರ್ಡ್ ಮೂರು ಸಲ ತಪ್ಪಾಯಿತು. ‘ಅರವತ್ತಕ್ಕೆ ಅರಳು ಮರಳು’ ಅಂತ ಬಾಯಿಗೆ ತಾನಾಗಿ ಬಂತು. ಆಮೇಲೆ ನೋಡಿದರೆ ಕೀಬೋರ್ಡ್ ತಾನಾಗಿ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತಿತ್ತು. ನನ್ನ ನೆನಪು ಸರಿಯಾಗೇ ಇತ್ತು. ಗಾದೆ ಮೊದಲು ಬಂತು, ಕಾರಣ ಆಮೇಲೆ ಸಿಕ್ಕಿತು. ಕಾರಣ ಸಿಗದೇ ಹೋಗಿದ್ದರೆ ಗಾದೆಯನ್ನೇ ನಂಬಿರುತ್ತಿದ್ದೆ.

ಒಂದು ಪದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಅಂತ ಮಗ ಕೇಳಿದ. ಬೆಕ್ಕಾ ಲೆವಿ ಅನ್ನುವ ಸಂಶೋಧಕಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಅವನಿಗೆ ಹೇಳಿದೆ. ಅಮೆರಿಕದ ಒಹಾಯೊದಲ್ಲಿ 50 ದಾಟಿದ 660 ಜನರಿಗೆ, ಅವರ ಸ್ವಂತ ವಯಸ್ಸಾಗುವಿಕೆಯ ಬಗ್ಗೆ ಏನನ್ನಿಸುತ್ತದೆ ಅಂತ ಬಹಳ ಹಿಂದೆಯೇ ಕೇಳಿದ್ದರು. ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ 7.5 ವರ್ಷ ಜಾಸ್ತಿ ಬದುಕಿದ್ದರು. ಆರೋಗ್ಯ, ಒಂಟಿತನ, ಹಣಕಾಸು ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ಸಂಬಂಧ ಉಳಿದಿತ್ತು. ಒಂದು ಬಟನ್‌ನಿಂದ ಯಾರ ಆಯುಷ್ಯವೂ ಕಡಿಮೆಯಾಗುವುದಿಲ್ಲ, ಗೊತ್ತು. ಆದರೆ ಫೋನನ್ನು ದಿನಕ್ಕೆ ಎಷ್ಟು ಸಲ ತೆರೆಯುತ್ತೇವೆ!

ಎಪ್ಪತ್ನಾಲ್ಕು:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಾನು ಮುದುಕ. 74. ಆ ಪದದಲ್ಲಿ ನನಗೆ ಯಾವ ಅವಮಾನವೂ ಇಲ್ಲ. ನೀವೆಲ್ಲ ಪದವನ್ನು ಬಚ್ಚಿಡಲು ಹೊರಟರೆ, ಮುದುಕನಾಗುವುದೇ ಹೇಳಬಾರದ ವಿಷಯ ಅಂದ ಹಾಗಾಗುತ್ತದೆ. ಕೂದಲು ಬೆಳ್ಳಗಾಗಿದೆ, ಮೆಟ್ಟಿಲು ನಿಧಾನ, ಸ್ನೇಹಿತರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಇದಕ್ಕೆಲ್ಲ ಒಂದು ಹೆಸರು ಬೇಕು. ‘ಮುಪ್ಪು’ ಒಳ್ಳೆಯ, ಗಟ್ಟಿ ಪದ. ಅದನ್ನು ಬಿಟ್ಟುಕೊಡಬೇಡಿ.

ನನಗೆ ನೋವಾಗುವುದು ದನಿಯಿಂದ. ಆ ನಕ್ಷತ್ರದ ಶಭಾಷ್ ಇದೆಯಲ್ಲ, ಅದರಿಂದ. ನಾನು ಕಂಪ್ಯೂಟರ್ ಜೊತೆ ಕೆಲಸ ಶುರು ಮಾಡಿದ್ದು ರಂಧ್ರ ಹೊಡೆದ ಕಾರ್ಡುಗಳ ಕಾಲದಲ್ಲಿ. ಒಂದು ಕಾರ್ಡಿನಲ್ಲಿ 80 ಅಕ್ಷರ. ಒಂದು ಕಾರ್ಡ್ ಜಾಗ ತಪ್ಪಿದರೆ ಇಡೀ ಕೆಲಸ ಮತ್ತೆ ಮೊದಲಿಂದ. ಈಗ ಫೋನ್ ಅಂಗಡಿಯ ಹುಡುಗ ನನ್ನ ಪ್ರಶ್ನೆಗೆ ನನ್ನ ಮಗಳ ಮುಖ ನೋಡಿ ಉತ್ತರ ಕೊಡುತ್ತಾನೆ. ಜೋರಾಗಿ, ನಿಧಾನವಾಗಿ, ಮಗುವಿಗೆ ಹೇಳಿದ ಹಾಗೆ.

2001ರಲ್ಲಿ ಮಾರ್ಕ್ ಪ್ರೆನ್ಸ್‌ಕಿ ಅನ್ನುವವರು ಒಂದು ಲೇಖನ ಬರೆದರು. ಎಳೆಯರು ‘ಡಿಜಿಟಲ್ ಮೂಲನಿವಾಸಿಗಳು’, ಉಳಿದವರು ‘ಡಿಜಿಟಲ್ ವಲಸಿಗರು’ ಅಂತ. ಆ ಮಾತು ಎಲ್ಲೆಡೆ ಹಬ್ಬಿತು. ಆದರೆ ಇಂಟರ್ನೆಟ್ ಇಂದಿಗೂ ನಡೆಯುವ ಮೂಲ ನಿಯಮಗಳನ್ನು 1974ರಲ್ಲಿ ಬರೆದು ಪ್ರಕಟಿಸಿದ ಇಬ್ಬರಲ್ಲಿ ಬಾಬ್ ಕಾನ್ ಹುಟ್ಟಿದ್ದು 1938ರಲ್ಲಿ, ವಿಂಟ್ ಸರ್ಫ್ 1943ರಲ್ಲಿ. ನಾಡು ಕಟ್ಟಿದವರನ್ನೇ ವಲಸಿಗರು ಅಂದರೆ ಹೇಗೆ? ಆ ಒಂದು ಮಾತಿನಿಂದ ನನ್ನ ವಾರಿಗೆಯ ಎಷ್ಟೋ ಜನ ಕಲಿಯುವ ಮೊದಲೇ ಕೈ ಚೆಲ್ಲಿದ್ದನ್ನು ಕಣ್ಣಾರೆ ಕಂಡಿದ್ದೇನೆ. ‘ಅದು ನಮ್ಮ ಕಾಲದ್ದಲ್ಲ’ ಅಂದುಬಿಡುತ್ತಾರೆ. ಬದುಕಿರುವ ತನಕ ಎಲ್ಲ ಕಾಲವೂ ನಮ್ಮದೇ ಅಲ್ವಾ?

ಬಟನ್‌ಗೆ ಏನಾದರೂ ಹೆಸರಿಡಿ. ಸೆಟ್ಟಿಂಗ್ಸ್ ವಾಪಸ್ ಕೊಡಿ. ನಕ್ಷತ್ರ ತೆಗೆಸಿ.

ರಾತ್ರಿಪಾಳಿ:

ನಾನು ನರ್ಸ್. ಸೆಟ್ಟಿಂಗ್ಸ್ ಮುಚ್ಚುವುದು ಯಾವಾಗಲೂ ತಪ್ಪು ಅಂತ ದಯವಿಟ್ಟು ತೀರ್ಮಾನ ಮಾಡಬೇಡಿ. ಮರೆವಿನ ಕಾಯಿಲೆ ಇರುವವರು ಏನನ್ನೋ ಒತ್ತಿ ಮಕ್ಕಳ ನಂಬರೇ ಅಳಿಸಿಕೊಂಡು, ರಾತ್ರಿಯಿಡೀ ಫೋನ್ ಹಿಡಿದು ಅತ್ತದ್ದನ್ನು ನೋಡಿದ್ದೇನೆ. ಅವರಿಗೆ ಬೀಗ ಬೇಕು. ಆದರೆ ಅದು ಮರೆವಿಗೆ ಬೇಕಾದ ಬೀಗ, ಮರೆವು 55ರಲ್ಲೂ ಬರುತ್ತದೆ. 90ರಲ್ಲೂ ಬರದೆ ಇರುತ್ತದೆ.

ಸರ್ ಹೇಳಿದ ದನಿಯ ವಿಷಯ ನೂರಕ್ಕೆ ನೂರು ನಿಜ. ಅದಕ್ಕೆ ಇಂಗ್ಲಿಷಿನಲ್ಲಿ ‘ಎಲ್ಡರ್‌ಸ್ಪೀಕ್’ ಅನ್ನುತ್ತಾರೆ. 2009ರಲ್ಲಿ ಕ್ರಿಸ್ಟೀನ್ ವಿಲಿಯಮ್ಸ್ ತಂಡ ಆರೈಕೆ ಮನೆಗಳಲ್ಲಿ ವಿಡಿಯೋ ಮಾಡಿ ನೋಡಿತ್ತು. ಮರೆವಿರುವವರ ಜೊತೆ ‘ಪುಟ್ಟಾ, ಈಗ ನಾವು ಸ್ನಾನ ಮಾಡೋಣ್ವಾ’ ಅನ್ನುವ ಧಾಟಿಯಲ್ಲಿ ಮಾತಾಡಿದಾಗ ಅವರು ಜಾಸ್ತಿ ಪ್ರತಿರೋಧ ತೋರಿಸಿದರು. ಹೆಸರು ಮರೆತವರಿಗೂ ಮಗುವಿನಂತೆ ನಡೆಸಿಕೊಳ್ಳುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಅದನ್ನು ಓದಿದ ಮೇಲೆ ನಾನು ‘ನಾವು’ ಅನ್ನುವುದನ್ನು ಬಿಟ್ಟೆ. ಹೆಸರು ಹಿಡಿದು, ‘ನೀವು’ ಅಂತಲೇ ಮಾತಾಡಿಸುತ್ತೇನೆ. ಪಾಳಿಯ ಕೆಲಸ ಹಗುರವಾಗಿದೆ.

ದತ್ತಾಂಶಹುಡುಗಿ:

ಸಣ್ಣದೊಂದು ಸೇರಿಸುತ್ತೇನೆ. ನಾನು ಯಂತ್ರಕ್ಕೆ ಭಾಷೆ ಕಲಿಸುವ ಕೆಲಸದಲ್ಲಿದ್ದೇನೆ. ಒಂದು ವಾಕ್ಯ ಒಳ್ಳೆಯ ಭಾವದ್ದೋ ಕೆಟ್ಟ ಭಾವದ್ದೋ ಅಂತ ಅಳೆಯುವ ಪ್ರೋಗ್ರಾಂಗಳಿವೆ. 2018ರಲ್ಲಿ ಮಾರ್ಕ್ ಡಿಯಾಜ್ ಮತ್ತು ಜೊತೆಗಾರರು ಅಂಥ 15 ಪ್ರೋಗ್ರಾಂಗಳನ್ನು ಪರೀಕ್ಷಿಸಿದ್ದರು. ವಾಕ್ಯ ಅದೇ ಇದ್ದು, ‘ಯಂಗ್’ ಇದ್ದ ಕಡೆ ‘ಓಲ್ಡ್’ ಬಂದರೆ ಅಂಕ ಕೆಟ್ಟದರ ಕಡೆಗೆ ವಾಲುತ್ತಿತ್ತು. ಯಂತ್ರಕ್ಕೆ ಅದನ್ನು ಬೇರೆ ಯಾರೂ ಕಲಿಸಿಲ್ಲ, ನಾವು ಬರೆದ ಕೋಟಿಗಟ್ಟಲೆ ವಾಕ್ಯಗಳೇ ಕಲಿಸಿವೆ. ನೀವು 212ನೇ ಸಾಲಿನಲ್ಲಿ ಬರೆಯುವುದೂ ನಾಳೆ ಒಂದು ಯಂತ್ರದ ಪಾಠ ಆಗಬಹುದು, ಮೇಡಂ.

ಇನ್ನೊಂದು, ವಯಸ್ಸಿನ ಪಟ್ಟಿ ನೋಡಿದ್ದೀರಾ? 18–24, 25–34, 35–44 ಅಂತ ಹೋಗಿ ಕೊನೆಗೆ ‘60+’. ನಿಮಗೂ ನಿಮ್ಮ ತಾಯಿಗೂ ಒಂದೇ ಪೆಟ್ಟಿಗೆ. ಆ ಪೆಟ್ಟಿಗೆಯ ಸರಾಸರಿ ತೆಗೆದು ನಮ್ಮ ಕೈಗೆ ಕೊಟ್ಟು ‘ಇವರಿಗೆ ಇದು ಬೇಕು’ ಅನ್ನುತ್ತಾರೆ. ನಿಮ್ಮ ಆ ಮೋಡ್ ಹುಟ್ಟಿದ್ದೂ ಅಂಥ ಪೆಟ್ಟಿಗೆಯಿಂದಲೇ ಇರಬೇಕು ಅಂತ ನನ್ನ ಅನುಮಾನ.

ಕರಡುತಿದ್ದುವವಳು:

ಎಲ್ಲರಿಗೂ ತುಂಬಾ ಧನ್ಯವಾದ. ನಿಮ್ಮ ಮಾತುಗಳನ್ನು ಜೋಡಿಸಿ ಆ್ಯಪ್ ಮಾಡುವವರಿಗೆ ಉದ್ದದ ಪತ್ರ ಬರೆದೆ. ಎರಡು ದಿನದಲ್ಲಿ ಉತ್ತರ ಬಂತು. ಒಳ್ಳೆಯ ಮನಸ್ಸಿನವರು, ಗಮನ ಕೊಟ್ಟು ಓದಿದ್ದಾರೆ. ಮೋಡ್ ಅನ್ನು ಬಿಡಿಸುತ್ತಾರಂತೆ. ನಾನು ಕಳಿಸಿದ ಸಾಲುಗಳು ಇವು:

‘ದೊಡ್ಡ ಅಕ್ಷರ, ಗಾಢ ಬಣ್ಣ’

‘ಮೊದಲ ಪರದೆಯಲ್ಲಿ ಕಡಿಮೆ ಬಟನ್’

‘ಒತ್ತಿ ಹಿಡಿಯುವ ಹೊತ್ತು: ಕಡಿಮೆ / ಜಾಸ್ತಿ’

‘ಸೆಟ್ಟಿಂಗ್ಸ್‌ಗೆ ಬೀಗ’. ಇದರ ಕೆಳಗೆ ಸಣ್ಣದಾಗಿ, ‘ಈ ಫೋನ್ ಬಳಸುವವರನ್ನು ಕೇಳಿ ಹಾಕಿ’.

ಎಪ್ಪತ್ನಾಲ್ಕು ಸರ್, ನಕ್ಷತ್ರ ಹೋಗುತ್ತದೆ. ಅದರ ಜಾಗದಲ್ಲಿ ‘ಕಳಿಸಲಾಗಿದೆ’ ಅಂತ ಒಂದೇ ಪದ. ‘ಮುಪ್ಪು’ ಪದವನ್ನು ನಾನು ಬಿಟ್ಟುಕೊಟ್ಟಿಲ್ಲ. ಬೀಗದ ಪಕ್ಕ ಅದಕ್ಕೆ ಜಾಗ ಕೊಡಲು ಮನಸ್ಸು ಬರಲಿಲ್ಲ, ಅಷ್ಟೇ.

ಹುಟ್ಟಿದ ವರ್ಷದ ಚಕ್ರ ತೆಗೆದು ನಾಲ್ಕು ಅಂಕಿ ಬರೆಯುವ ಜಾಗ ಕೊಡಲೂ ಒಪ್ಪಿದ್ದಾರೆ. ಆದರೆ 60 ದಾಟಿದವರಿಗೆ ಮಾತ್ರ ‘ಅಕ್ಷರ ದೊಡ್ಡದು ಮಾಡಲೇ?’ ಅಂತ ಕೇಳುವುದನ್ನು ಉಳಿಸಿಕೊಳ್ಳುತ್ತಾರಂತೆ. ಎಲ್ಲರನ್ನೂ ಕೇಳಿದರೆ ಎಳೆಯರಿಗೆ ಕಿರಿಕಿರಿ ಅಂತ ಕಾರಣ ಕೊಟ್ಟಿದ್ದಾರೆ. ನಾನು ಒಪ್ಪಿಲ್ಲ. ಪರದೆಗೆಲಸ ಅವರೇ, 26ರ ಆ ಹುಡುಗನ ಬಿಸಿಲಿನ ಕಥೆಯನ್ನು ಅವರಿಗೆ ಕಳಿಸಬಹುದಾ? ನಿಮ್ಮ ಒಪ್ಪಿಗೆ ಸಿಕ್ಕರೆ ಇವತ್ತು ರಾತ್ರಿಯೇ ಬರೆಯುತ್ತೇನೆ.

ಪರದೆಗೆಲಸ:

ಕಳಿಸಿ ಮೇಡಂ. ಆ ತಾಯಿಯ ಮಾತನ್ನೂ ಸೇರಿಸಿ.